ಅಂಗಡಿ ಯಾರದು?

ನಾಲ್ಕು ಜನರೆದುರು ಸಾಯಿಮಾಳಿಗೆ ಮಾತೇ ಹೊರಡುವುದಿಲ್ಲ. ವಿದ್ಯಾಗಿರಿಯ ಹೊಲಿಗೆ ಅಂಗಡಿ ಅವಳದೇ. ಲೈಸೆನ್ಸ್ ಅರ್ಜಿಯಲ್ಲಿ ಅಣ್ಣ ಫಾರೂಕನ ಹೆಸರು ಬರೆದರೆ ಅವನೇ ಮಾತಾಡಿಕೊಳ್ಳುತ್ತಾನಲ್ಲ ಎಂದುಕೊಳ್ಳುತ್ತ ನಗರಸಭೆಯ ಸರದಿಯಲ್ಲಿ ನಿಂತಿದ್ದಳು. ಮುಂದೆ ಇಬ್ಬರು ಹೆಂಗಸರಿದ್ದರು.

“ಹನ್ನೆರಡು ವರ್ಷ ರೊಟ್ಟಿ ಬಡದು ಅಂಗಡಿ ನಡಿಸಿದಾಕಿ ನೀ. ಲೈಸೆನ್ಸ್ ಮೈದುನನ ಹೆಸರಿಗೆ ಯಾಕ ಮಾಡಿಸಿದಿ, ಚಂದವ್ವ?”

“ಕಚೇರಿಗೆ ಬರಾಕ ನಾಚಿಕಿ ಆಗ್ತಿತ್ತು, ಕಸ್ತೂರಿ.”

“ಈಗ ಅಂವ ಏನಂತಾನ?”

“ಅಂಗಡಿ ನಂದು, ನಾಳಿಂದ ಕೂಲಿಗೆ ಬಾ ಅಂತಾನ.”

“ಅಯ್ಯ ಯವ್ವಾ! ನೀ ಏನಂದಿ?”

“ಎಷ್ಟೊತ್ತಿಗೆ ಬರ್ಲಿ ಅಂತ ಕೇಳಿದ್ನಿ.”

ಲೈಸೆನ್ಸಿನ ಹೆಸರು ಬದಲಿಸಲು ಚಂದವ್ವ ತಂದಿದ್ದ ಕಾಗದವನ್ನು ಗುಮಾಸ್ತ ನೋಡಿದ. “ಹೆಸರಿದ್ದವರ ಬರಬೇಕ್ರಿ,” ಎಂದು ಹಿಂದಕ್ಕೆ ಕೊಟ್ಟ. ಕಾಗದ ಮಡಚಿಕೊಂಡು ಇಬ್ಬರೂ ಹೊರಟರು.

“ಮುಂದಿನವರು ಬರ್ರಿ. ಅಂಗಡಿ ಯಾರದು?”

ಸಾಯಿಮಾಳ ಅರ್ಜಿಯಲ್ಲಿ ಹೆಸರಿನ ಜಾಗ ಇನ್ನೂ ಖಾಲಿಯಿತ್ತು.

“ನಂದ್ರಿ,” ಎಂದಳು.