ಅಂಚಿನ ಮಣ್ಣು

…ಇಡಬೇಡ, ಆ ಮಣ್ಣಿನ ಚೀಲಗಳನ್ನ ಊಟದ ಮೇಜಿನ ಮೇಲೆ ಇಡಬೇಡ ಅಂದೆ! ಇಟ್ಟೇ ಬಿಟ್ಟೆ. ಆಯ್ತು, ಇಡು. ಮಗಳು ದೊಡ್ಡವಳಾದ್ಲು, ಮಣ್ಣು ಪರೀಕ್ಷೆ ಮಾಡೋ ಲ್ಯಾಬಲ್ಲಿ ಬಿಳಿ ಕೋಟು ಹಾಕ್ತಾಳೆ, ಅಪ್ಪನ ಮಾತು ಯಾಕೆ ಕೇಳ್ಬೇಕು!

ಮೊದಲು ಇದು ಹೇಳು. ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿ ಹತ್ರ ಬೆಳಿಗ್ಗೆ ಹೋಗಿದ್ದು ನೀನೇ ತಾನೆ? ನನ್ನನ್ನ ಒಂದು ಮಾತು ಕೇಳ್ದೆ? ಇಪ್ಪತ್ತಾರು ವರ್ಷ ಆ ಕ್ಲಬ್ಬಿನ ಹುಲ್ಲು ನೋಡ್ಕೊಂಡು ಮಂಡಿ ಸವೆಸಿದೀನಿ ಪುಟ್ಟಿ. ಅಂಥವನನ್ನ ಬಾಗಿಲ ಹತ್ರಾನೇ ನಿಲ್ಲಿಸಿ, "ನಿಮ್ಮ ಮಗಳು ಬಂದಿದ್ರು. ಒಂಬತ್ತನೇ ಕುಳಿ ಸುತ್ತ ಹುಲ್ಲು ಸತ್ತಿದ್ದು ನೀರಿಲ್ಲದೆ ಅಲ್ಲವಂತೆ, ಬೇರು ತಿನ್ನೋ ನೆಮಟೋಡು ಹುಳುವಂತೆ" ಅಂದ್ರು. ನಿಮ್ಮ ಮಗಳು! ಬೇರೆ ಯಾರಾದ್ರೂ ಬೆನ್ನಿಗೆ ಚೂರಿ ಹಾಕಿದ್ರೆ ತಡ್ಕೋತಿದ್ದೆ.

ಯಾಕೆ ನಗ್ತೀಯ? …ನಗೆ ಅಲ್ವಾ? ಮತ್ತೇನದು?

ನಿನ್ನ ಮಾವ ಸರಿಯಾಗಿ ನೀರು ಬಿಡ್ಲಿಲ್ಲ, ಹುಲ್ಲು ಹೋಯ್ತು, ಕೆಲಸದಿಂದ ತೆಗೆದ್ರು. ಅಷ್ಟೇ! ಹೆಂಡ್ತಿ ತಮ್ಮ ಅಂತ ನಾನು ಅಡ್ಡ ನಿಲ್ಲೋಕಾಗುತ್ತಾ? ಸುಮ್ಸುಮ್ನೆ ಅವನ ತಲೆಗೆ ಕಟ್ಟಿಲ್ಲ, ಮಣ್ಣು ಪರೀಕ್ಷೆಗೆ ಕಳಿಸ್ದೆ. ನಿಮ್ಮ ಲ್ಯಾಬಿಗೇ! ಹುಳು ಇಲ್ಲ ಅಂತ ಬರೆದು ಸಹಿ ಹಾಕಿದ್ದು ಯಾರು? ನೀನು! ಈಗ ಉಲ್ಟಾ ಹೊಡೀತೀಯ.

ಇದು ಹೊಸ ಚೀಲ… ನೀನೇ ಹೋಗಿ ತೆಗೆದ್ಯಾ? ಕೊಡಿಲ್ಲಿ. ಹೂಂ. ಬೇರು ಗಂಟು ಗಂಟಾಗಿದೆ, ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ. ಚೆನ್ನಾಗಿ ತೆಗೆದಿದೀಯ. ಅಂಚಲ್ಲಿ ತಾನೆ? ಹಸಿರು ಮುಗಿದು ಹಳದಿ ಶುರುವಾಗೋ ಕಡೆ… ನಾನೇ ಹೇಳ್ಕೊಟ್ಟಿದ್ದು! ಎಂಟು ವರ್ಷದವಳು ಆಗ, ಮಣ್ಣು ತೆಗೆಯೋ ಕೊಳವೆ ಹಿಡಿಯೋಕೆ ಎರಡೂ ಕೈ ಬೇಕಿತ್ತು ನಿನಗೆ. ಸತ್ತ ಹುಲ್ಲಿನ ಮಧ್ಯ ಅಗೀಬೇಡ ಪುಟ್ಟಿ, ಅಲ್ಲಿ ತಿನ್ನೋಕೆ ಒಂದು ಬೇರೂ ಉಳಿದಿಲ್ಲ, ಹುಳು ಇರಲ್ಲ, ಬದುಕಿರೋ ಅಂಚಲ್ಲಿ ಹುಡುಕು ಅಂತ. ಮರ್ತಿಲ್ಲ ನೀನು.

…ಇನ್ನೊಂದನ್ನ ಯಾಕೆ ಮುಂದೆ ತಳ್ತೀಯ? ಹಳೇದು ಅದು. ನಾನು ಕಳಿಸಿದ್ದು. ಕಾಣುತ್ತೆ ಬಿಡು, ಚೀಟಿ ಮೇಲೆ ನನ್ನದೇ ಅಕ್ಷರ. 'ಒಂಬತ್ತನೇ ಕುಳಿ, ಅಂಚಿನ ಮಣ್ಣು.' ಬಿಚ್ಚಬೇಡ. ಅಮ್ಮ ಈಗ ತಾನೆ ಮೇಜು ಒರೆಸಿದಾಳೆ, ಬಿಚ್ಚಬೇಡ ಅಂದ್ನಲ್ಲ…

ಬರೀ ಧೂಳು. ಒಂದೇ ಒಂದು ಬಿಳಿ ಬೇರಿಲ್ಲ. ಎಲ್ಲಿಂದ ತೆಗೆದೆ ಅಂತ ಕೇಳು. ಕೇಳೇ!

ಸರಿ. ಕ್ಲಬ್ಬಿನ ಪಂದ್ಯಕ್ಕೆ ಮುಂಚೆ ಒಂಬತ್ತನೇ ಕುಳಿ ಹತ್ರ ತೇಪೆ ಹಾಕಿದ್ನಲ್ಲ, ಆ ಹುಲ್ಲು ಶೆಡ್ಡಿನ ಹಿಂದಿನ ಪಾತಿದು. ಹುಳು ಇದೆ, ಯಾರೂ ಮುಟ್ಟಬೇಡಿ ಅಂತ ನಾನೇ ಹಗ್ಗ ಕಟ್ಟಿದ್ದ ಪಾತಿ! ನಾಲ್ಕೇ ದಿನ ಇತ್ತು ಪುಟ್ಟಿ, ಬೇರೆ ಹುಲ್ಲು ಇರ್ಲಿಲ್ಲ… ಹುಳು ಅಂದಿದ್ರೆ, ಎಲ್ಲಿಂದ ಬಂತು ಅಂತ ಕೇಳ್ತಿದ್ರು. ನೀರಿಲ್ಲ ಅಂದ್ರೆ ಯಾರೂ ಏನೂ ಕೇಳಲ್ಲ. ಅವತ್ತೇ ಬಾಯಿ ಬಿಟ್ಟಿದ್ರೆ, ಹುಲ್ಲು ಸ್ವಲ್ಪ ಎತ್ತರಕ್ಕೆ ಬಿಟ್ಟು, ಮಣ್ಣಿಗೆ ತೂತು ಹೊಡೆದು, ಔಷಧಿ ಹಾಕಿ ಉಳಿಸ್ಕೋಬಹುದಿತ್ತು. ನನ್ನ ಸುಳ್ಳಿಗೆ ತಕ್ಕ ಹಾಗೆ ನೀರೇ ಸುರಿದೆ. ನಿನ್ನ ಮಾವ… "ದಿನಾ ನೀರು ಬಿಟ್ಟಿದೀನಿ ಭಾವ" ಅಂತ ಒಂದೇ ಸಲ ಅಂದ. ಪಂಪಿನ ಕೀಲಿಕೈ ನನ್ನ ಕೈಗಿಟ್ಟು ಹೋದ.

ಬೇರೆ ಲ್ಯಾಬೂ ಇತ್ತು. ಗೊತ್ತು, ಅದೇ ತಾನೆ ನಿನ್ನನ್ನ ಸುಡ್ತಿರೋದು? ಅಪ್ಪನ ಅಕ್ಷರ ಕಂಡ್ರೆ ನೀನು ಚೀಟಿ ನಂಬ್ತೀಯ, ಬೇರು ಇದೆಯಾ ಇಲ್ವಾ ಅಂತ ನೋಡಲ್ಲ… ಅದಕ್ಕೇ ನಿನ್ನ ಹತ್ರ ಕಳಿಸ್ದೆ.

ಪೆನ್ನು ಯಾಕೆ? …ಚೀಟಿ ತಿದ್ದಬೇಕಾ? ಕೊಡು. 'ಅಂಚಿನ' ಹೊಡೆದು ಹಾಕ್ದೆ. 'ಮಧ್ಯದ.' ಓದೋಕಾಗುತ್ತಾ? ಸಹಿನೂ ಹಾಕ್ದೆ, ನೋಡು. ಎದ್ಯಾ? ಮಾವನ ಮನೆಗಾ? ತಗೊಂಡು ಹೋಗು. ಪುಟ್ಟಿ… ಇನ್ನೊಂದು ಸಲ ನನ್ನ ಅಕ್ಷರದ ಚೀಲ ಏನಾದ್ರೂ ಬಂದ್ರೆ, ಬಿಚ್ಚಿ ನೋಡು.