ಹಸಿದ ಕೌದಿ

ಹೂಂ ಅನ್ನೋರು ಮುಂದ ಕುಂಡ್ರಿ. ನಿದ್ದಿ ಬಂದೋರು ಗ್ವಾಡಿಗೆ ಆತುಕೊಳ್ರಿ. ಯಾವ ರಾಜ್ಯ, ಯಾವ ಊರು ಅಂತ ಮಾತ್ರ ಕೇಳಬ್ಯಾಡ್ರಿ, ಅದು ನಮ್ಮಜ್ಜಿಗೂ ಗೊತ್ತಿರಲಿಲ್ಲ.

ಒಂದೂರಾಗ ಲಗಮಪ್ಪ ಅಂತ ಒಬ್ಬ ಉಪ್ಪು ಮಾರಾಂವ ಇದ್ದ. ಎತ್ತಿನ ಮ್ಯಾಲ ಉಪ್ಪಿನ ಚೀಲ ಹೇರಿಕೊಂಡು ಊರೂರು ತಿರಗಾಂವ. ಅಂವಗ ಬಾಳವ್ವ ಅಂತ ಒಬ್ಬಾಕಿ ಸಣ್ಣ ಮಗಳು. ಒಂದಿನ ಅಂವನ ಹೆಂಡತಿ ಕೌದಿ ಹೊಲಿಯಾಕ ಕುಂತ್ಲು. ಹಳೇ ಸೀರಿ, ಹರಕ ಕುಬಸ, ಮಗಳ ಕುಂಚಿಗಿ, ಎಲ್ಲಾ ತುಂಡು ಕೂಡಿಸಿ ಹೊಲದ್ಲು. ಮೂರು ಮೂಲಿ ಮುಗದ್ವು. ನಾಕನೇ ಮೂಲಿಗೆ ಬರೂದರಾಗ ಜ್ವರ ಬಂತು, ಹೋಗೇಬಿಟ್ಲು. ಸೂಜಿ ಕೌದ್ಯಾಗ ಚುಚ್ಚಿದ್ದು ಚುಚ್ಚಿದಂಗ ಉಳೀತು.

ಆ ಊರಾಗ ಒಂದು ರೂಢಿ ಇತ್ತು, ಕೇಳ್ರಿ. ಕೌದಿದು ಕೊನೀ ಮೂಲಿ ಮುಚ್ಚೂ ಮುಂದ ಒಳಗ ಒಂದು ತುಣುಕು ರೊಟ್ಟಿ ಇಟ್ಟು ಹೊಲೀತಿದ್ರು. ಕೌದಿ ಹಸದಿದ್ರ ಹೊದ್ದವರನ್ನ ಬೆಚ್ಚಗ ಇಡೂದಿಲ್ಲಂತ. ಈ ಕೌದಿಗೆ ರೊಟ್ಟಿ ಇಡೋರು ಯಾರಿದ್ರು? ಹಸಗೊಂಡು, ಬಾಯಿ ತಕ್ಕೊಂಡು, ಮೂಲ್ಯಾಗಿನ ಪೆಟಿಗಿ ಮ್ಯಾಲ ಬಿದ್ದಿತ್ತು.

ವರ್ಷ ಕಳದ ಮ್ಯಾಲ ಲಗಮಪ್ಪ ದುಂಡವ್ವನ್ನ ಲಗ್ನ ಮಾಡಿಕೊಂಡು ಬಂದ. "ಬಾಳಿ, ಈಕಿಗೆ ಚಿಗವ್ವ ಅನ್ನು" ಅಂತ ಮಗಳಿಗೆ ಹೇಳಿದ. ಅಂದ್ಲೇನು? ಅನ್ನಲಿಲ್ಲ. ದುಂಡವ್ವ ಬಿಸಿ ರೊಟ್ಟಿ ತಾಟಿಗೆ ಹಾಕಿದ್ಲು. ತಿಂದ್ಲೇನು? ತಿನ್ನಲಿಲ್ಲ. ಬಾ, ತಲಿ ಹಿಕ್ಕತೀನಿ ಅಂದ್ಲು. ಬಂದ್ಲೇನು? ಬರಲಿಲ್ಲ. ಬಾಜೂ ಮನಿ ಮುದುಕಿ ಕಡೆ ಹೋಗಿ ಉಂಡು ಬರಾಕಿ.

ದುಂಡವ್ವ ಕೆಟ್ಟಾಕಿ ಅಲ್ರಿ. ಕತ್ಯಾಗಿನ ಚಿಗವ್ವಗೋಳು ಎಲ್ಲಾರೂ ಕೆಟ್ಟವರ ಇರಬೇಕು ಅಂತ ಯಾರು ಕಟ್ಟು ಮಾಡ್ಯಾರ? ಆಕಿಗೆ ಇದ್ದದ್ದು ಒಂದ ಒಂದು ಆಸೆ. ಈ ಕೂಸು ನನ್ನ ಕೈಯಾಂದು ಒಂದು ತುತ್ತು ತಿನ್ನಲಿ. ಅಷ್ಟ. ದಿನಾ ತಾಟಿನಾಗ ಉಳಿದ ರೊಟ್ಟಿ ನೋಡಿದ್ರ ಆಕಿಗೆ ಅಳು ಬರತಿತ್ತು.

ಒಂದಿನ ಮನಿ ಕಸಾ ಹೊಡಿಯೂ ಮುಂದ, ಕೌದಿ ಬಿಸಲಿಗೆ ಹಾಕೋಣ ಅಂತ ಎತ್ತಿದ್ಲು. ಬೆರಳು ಚುರ್ ಅಂತು. ನೋಡ್ತಾಳ, ಕೌದಿ ಬಾಯಾಗ ಒಂದು ಜೇಡ. ಕರೀದು, ಕಾಲಿಗೆಲ್ಲಾ ಕೂದಲಾ. ಬಲಿ ನೇದುಕೊಂಡು ಕುಂತೈತಿ. ದುಂಡವ್ವ ಕಸಬರಗಿ ಎತ್ತಿದ್ಲು. ಬಾಳವ್ವ ಓಡಿ ಬಂದು ಕೌದಿ ಮುಂದ ನಿಂತ್ಲು.

"ಹೊಡೀಬ್ಯಾಡ. ಅದು ನಮ್ಮವ್ವ."

"ಏನಂದಿ, ತಂಗಿ?"

"ನಮ್ಮವ್ವ ದಾರ ತೊಗೊಂಡು ಬಂದಾಳ. ಉಳಿದ ಮೂಲಿ ಹೊಲಿಯಾಕತ್ತಾಳ. ನೀ ಮುಟ್ಟಬ್ಯಾಡ."

ಕೂಸು ಆಕಿ ಜೋಡಿ ಆಡಿದ ಮೊದಲನೇ ಮಾತು ಇದ. ದುಂಡವ್ವನ ಬೆರಳು ಬಾತು ಬದನಿಕಾಯಿ ಆಗಿತ್ತು. ಆದ್ರೂ ಕಸಬರಗಿ ಕೆಳಗಿಟ್ಟು ಒಳಗ ಹೋದ್ಲು.

ಎರಡನೇ ಸಲ ಏನಾತು? ಲಗಮಪ್ಪ ಊರಿಗೆ ಬಂದಾಂವ ಸುದ್ದಿ ಕೇಳಿ ಸಿಟ್ಟಿಗೆದ್ದ. "ಕಡಿಯೂ ಹುಳ ಮನ್ಯಾಗ ಸಾಕ್ಕೋತೀರೇನು? ಕೌದಿ ಸಮೇತ ಸುಡ್ತೀನಿ" ಅಂತ ಕೌದಿ ಎಳದ. ದುಂಡವ್ವ ನಡುವ ಕೈ ಹಾಕಿ ಕಸಗೊಂಡ್ಲು. ಜೇಡ ಆಕಿ ಇನ್ನೊಂದು ಕೈಗೂ ಕಡೀತು.

"ನಿನಗ ತಲಿ ಕೆಟ್ಟೈತೇನ? ಎರಡು ಸಲ ಕಡಿಸಿಕೊಂಡಿ" ಅಂದ ಲಗಮಪ್ಪ.

"ಕಡೀಲಿ ಬಿಡ್ರಿ. ಕೂಸಿನ ಜೀವ ಅದರಾಗೈತಿ" ಅಂದ್ಲು ದುಂಡವ್ವ.

ಅಂವ ಎತ್ತಿಗೆ ಉಪ್ಪು ಹೇರಿಕೊಂಡು ಗೊಣಗಕೋತ ಹೋದ. ಬಾಳವ್ವ ಬಾಗಲ ಹಿಂದ ನಿಂತು ಎಲ್ಲಾ ನೋಡಿದ್ಲು. ಊಟಕ್ಕ ಬಂದ್ಲೇನು? ಬರಲಿಲ್ಲ.

ಮೂರನೇ ಸಲ ಯಾರಿಗೆ ಕಡೀತು? ದುಂಡವ್ವಗ ಅಂತೀರಿ. ಅಲ್ಲ. ದುಂಡವ್ವ ನೀರಿಗೆ ಹೋದಾಗ ಬಾಳವ್ವ ಬುಟ್ಯಾಗಿನ ರೊಟ್ಟಿ ಒಂದು ತುಣುಕು ಮುರಕೊಂಡ್ಲು. ತಾ ತಿನ್ನಾಕಲ್ಲ. ಹೊಲದು ಹೊಲದು ಅವ್ವ ಹಸದಾಳ, ಕೌದಿನೂ ಹಸದೈತಿ ಅಂತ ಆ ಮೂಲ್ಯಾಗ ಕೈ ತೂರಿದ್ಲು. ಜೇಡ ಬಿಟ್ಟೀತೇನು?

ದುಂಡವ್ವ ಕೊಡ ಹೊತ್ತು ಬರೂದರಾಗ ಕೂಸಿನ ಕೈ ಬಾತಿತ್ತು. ಅರಿಷಿಣ ತೇದು ಹಚ್ಚಿ ತೊಡಿ ಮ್ಯಾಲ ಹಾಕ್ಕೊಂಡ್ಲು. ಬಾಳವ್ವ ಕೊಸರಲಿಲ್ಲ. ಅಳಾಕತ್ತಿದ್ಲು.

"ಭಾಳ ಉರೀತೈತೇನು, ನನ ಕೂಸ?"

"ಉರೀತೈತಿ ಅಂತಲ್ಲ. ಅವ್ವಗ ನನ್ನ ಗುರತ ಸಿಗಲಿಲ್ಲ. ನನ್ನ ಕಡದ್ಲು."

ಈ ಮಾತಿಗೆ ಏನು ಹೇಳ್ತೀರಿ? ಅದು ಹುಳ ಅಂದ್ರ ಹೆತ್ತಾಕಿ ಇನ್ನೊಮ್ಮೆ ಸತ್ತಂಗ. ಅವ್ವ ಅಂದ್ರ ಹೆತ್ತಾಕಿ ಮಗಳನ್ನ ಮರತಂಗ. ದುಂಡವ್ವ ಕೂಸಿನ ತಲಿ ಸವರಿದ್ಲು. ಆಮ್ಯಾಲ ಕೂಸನ್ನ ಎತ್ತಿಕೊಂಡು ಹೋಗಿ, ಕೋಲಿನಿಂದ ಕೌದಿ ಮೂಲಿ ಸರಿಸಿ ಬೆಳಕು ಬೀಳೂ ಹಂಗ ಮಾಡಿದ್ಲು.

"ಒಳಗ ನೋಡು. ಬಿಳೇದು ಒಂದು ಗಂಟು ಕಾಣತೈತೇನು?"

"ಹೂಂ."

"ಅದರಾಗ ಇದರ ತತ್ತಿ ಅದಾವು. ಈಕಿ ನಿಮ್ಮವ್ವ ಅಲ್ಲವ್ವ. ಆದ್ರ ಈಕಿನೂ ಒಬ್ಬಾಕಿ ಅವ್ವ. ಮಕ್ಕಳ ಹತ್ರ ಯಾರ ಕೈ ಬಂದ್ರೂ ಕಡೀತಾಳ. ನಿನ್ನ ಹತ್ರ ಯಾರರ ಹಂಗ ಬಂದಿದ್ರ ನಿಮ್ಮವ್ವ ಸುಮ್ಮನ ಇರತಿದ್ಲೇನು?"

ಬಾಳವ್ವ ಮೂಗು ಒರಸಿಕೊಂಡ್ಲು. "ಹಂಗಾದ್ರ ಮೂಲಿ ಹೊಲಿಯೋರು ಯಾರು?"

"ಅಲ್ಲಿ ಸೂಜಿ ನೋಡು. ಜೇಡಕ್ಕ ಸೂಜಿ ಯಾಕ ಬೇಕು? ನಿಮ್ಮವ್ವ ಅದನ್ನ ಯಾರ ಸಲುವಾಗಿ ಬಿಟ್ಟು ಹೋಗ್ಯಾಳ?"

ಕೂಸು ಜಂಗು ಹಿಡಿದ ಸೂಜಿ ಕಡೆ ಬೆರಳು ಮಾಡಿತು. "ನನಗ?"

"ಮತ್ಯಾರಿಗೆ?"

ಇಬ್ಬರೂ ಕೂಡಿ ಕೋಲಿನ ಮ್ಯಾಲ ಕೌದಿ ಎತ್ತಿ, ಹಿತ್ತಲ ಗ್ವಾಡಿ ಮ್ಯಾಲ ಹಾಕಿದ್ರು. ತತ್ತಿ ಒಡಿಯೂ ತನಕ ಯಾರೂ ಮುಟ್ಟಲಿಲ್ಲ. ಬಾಳವ್ವ ದಿನಾ ಮುಂಜಾನೆ ದೂರ ನಿಂತು ನೋಡಿ ಬಂದು ದುಂಡವ್ವಗ ಸುದ್ದಿ ಹೇಳಾಕಿ. ಹಿಂಗ ಹೇಳಿ ಹೇಳಿ ಮಾತು ರೂಢಿ ಆತು. ಒಂದಿನ ಗಾಳಿ ಬಿಟ್ಟಿತ್ತು. ಸಾಸಿವಿಯಷ್ಟು ಮರಿಗೋಳು ಒಂದೊಂದು ಎಳಿ ಹಿಡಕೊಂಡು ಹಾರಿ ಹೋದ್ವು. ಅವ್ವ ಜೇಡನೂ ಎತ್ತಲೋ ಹೋತು. ಬಾಳವ್ವ ಅಳಲಿಲ್ಲ. ಒಳಗ ಹೋಗಿ ದಾರ ತಂದ್ಲು.

ಕೂಸಿನ ಕೈಯಾಗ ಸೂಜಿ, ಕೂಸಿನ ಕೈ ಮ್ಯಾಲ ದುಂಡವ್ವನ ಕೈ. ಹೊಲಿಗಿ ವಾರಿ ಬಿದ್ದು ಸೊಟ್ಟ ಆತು, ಆಗಲಿ. ಇನ್ನ ನಾಕು ಹೊಲಿಗಿ ಉಳದಾಗ ಬಾಳವ್ವ ಕೈ ತಡದ್ಲು.

"ರೊಟ್ಟಿ?"

ದುಂಡವ್ವ ಎದ್ದು ಒಲಿ ಹೊತ್ತಿಸಿ ಒಂದು ಬಿಸಿ ರೊಟ್ಟಿ ಬಡದು ತಂದ್ಲು. ಬಾಳವ್ವ ಒಂದು ತುಣುಕು ಮುರದು ಮೂಲ್ಯಾಗ ಇಟ್ಟು ಹೊಲದ್ಲು. ಕೌದಿ ಹೊಟ್ಟಿ ತುಂಬಿತು. ಉಳಿದ ರೊಟ್ಟಿ ಕೂಸಿನ ಕೈಯಾಗ ಉಳೀತು. ದುಂಡವ್ವ ತಿನ್ನು ಅಂದ್ಲೇನು? ಅನ್ನಲಿಲ್ಲ. ಬ್ಯಾರೆ ಕಡೆ ಮುಖ ಮಾಡಿ ಕುಂತ್ಲು.

ಒಂದು ತುತ್ತು ಬಾಯಿಗೆ ಹೋತು. ಇನ್ನೊಂದು ಹೋತು. ಮೂರನೇದು ಬಾಯಾಗ ಇಟ್ಟುಕೊಂಡು ಕೂಸು ಮುಖ ಸಿಂಡರಿಸಿತು.

"ಬರೇ ರೊಟ್ಟಿ ಹೆಂಗ ತಿನ್ನಲಿ, ಚಿಗವ್ವ? ಶೇಂಗಾ ಹಿಂಡಿ ಹಾಕು."

ಆ ಚಟ್ನಿಪುಡಿ ಗಡಗಿ ತರಾಕ ಎದ್ದ ದುಂಡವ್ವ, ದಿನಾ ತಾನ ಇಡೂ ಗಡಗಿ ಎಲ್ಲೈತಿ ಅನ್ನೂದನ್ನ ಮರತು ಮನಿತುಂಬ ಹುಡುಕಿದ್ಲು.

ಅವರು ಆ ಕೌದಿ ಹೊದ್ದು ಬೆಚ್ಚಗ ಇದ್ರು. ನಾನೂ ಕತಿ ಮೂಲಿ ಹೊಲದ್ನಿ, ದಾರ ಹರದ್ನಿ. ಏಳ್ರಿ ಇನ್ನ, ನಿಮ್ಮ ಮನ್ಯಾಗೂ ರೊಟ್ಟಿ ಆರಾಕತ್ತಾವು.