ಮಾರಿದ ಟಿವಿ ಗೇಮ್

ಜಯನಗರ ನಾಲ್ಕನೇ ಬ್ಲಾಕಿನ ಬಸ್ ಸ್ಟಾಂಡಿನಲ್ಲಿ ಬನಶಂಕರಿ ಬಸ್ಸಿಗೆ ಕಾಯುತ್ತಿದ್ದ, ರಿಟೈರಾದ ಲೆಕ್ಕದ ಮೇಷ್ಟ್ರು ಶಾಮಣ್ಣನವರ ಪಕ್ಕದಲ್ಲಿ ಇಬ್ಬರು ಹೆಂಗಸರು ಬಂದು ನಿಂತರು.

“ಹೋದ ತಿಂಗಳು ಮುನ್ನೂರಕ್ಕೆ ಮಾರಿದ್ದು ಕಣೆ. ಇವತ್ತು ವಾಪಸ್ ಕೊಡಿ ಅಂದ್ರೆ ಅಂಗಡಿಯವನು ಆರುನೂರು ಅಂತಾನೆ.”

“ಅದೇ ಟಿವಿ ಗೇಮಾ, ಪಂಕಜಾ?”

“ಅದೇ. ಒಂದು ತಿಂಗಳು ಇನ್ನೂ ಹಳೇದಾಗಿದೆ, ರೇಟು ಮಾತ್ರ ಡಬಲ್ಲು.”

ಹಳೆಯದಾದಷ್ಟೂ ಬೆಲೆ ಏರುವುದು ಹೇಗೆಂದು ಶಾಮಣ್ಣನವರಿಗೆ ಹೊಳೆಯಲಿಲ್ಲ. ಅವರು ಅರ್ಧ ಹೆಜ್ಜೆ ಹತ್ತಿರ ಸರಿದರು.

“ಮಾರಿದ್ದಾದ್ರೂ ಯಾಕೆ?”

“ಮಗಂದು ಎಸ್ಸೆಸ್ಸೆಲ್ಸಿ ಅಲ್ವಾ. ಈಗ ನೋಡಿದ್ರೆ ಅದನ್ನ ಕೊಟ್ಟ ಅಣ್ಣಾನೇ ಭಾನುವಾರ ಕುವೈತಿಂದ ಬರ್ತಿದಾನೆ. ಮನೇಲಿ ಕಾಣ್ದಿದ್ರೆ ಮುಖ ಹೇಗೆ ತೋರಿಸ್ಲಿ?”

“ಚೌಕಾಸಿ ಮಾಡ್ಬೇಕಿತ್ತು.”

“ಮಾಡ್ದೆ. ಹುಡುಗರು ಅಂಗಡೀಲೇ ಕೂತು ಗಂಟೆಗೆ ಐದು ರೂಪಾಯಿ ಕೊಟ್ಟು ಆಡ್ತಾರೆ, ದಿನಾ ದುಡಿಯೋ ಸಾಮಾನು ಮೇಡಂ, ಅಂದ.”

“ಅಷ್ಟು ಕೊಟ್ಟು ಯಾರು ಆಡ್ತಾರೆ?”

“ನಾನು ಹೋದಾಗ ನಮ್ಮ ಮುರಳೀನೇ ಆಡ್ತಿದ್ದ.”

“ಅವನ ಹತ್ರ ದುಡ್ಡೆಲ್ಲಿಂದ ಬಂತು?”

“ಮಾರಿದ ಮುನ್ನೂರನ್ನ ಟ್ಯೂಷನ್ ಫೀಸಿಗೆ ಅಂತ ಅವನ ಕೈಗೇ ಕೊಟ್ಟಿದ್ದೆ.”

ಯಾರು ಯಾರಿಗೆ ಏನನ್ನು ಮಾರಿದಂತಾಯಿತು ಎಂದು ಶಾಮಣ್ಣನವರು ಬೆರಳು ಮಡಚತೊಡಗಿದರು. ಅಷ್ಟರಲ್ಲಿ ಹೆಂಗಸರ ಬಸ್ಸು ಬಂತು.

“ಅಣ್ಣಂಗೆ ಏನು ಹೇಳ್ತೀಯ ಮತ್ತೆ?”

“ಅಂಗಡಿಗೇ ಕರ್ಕೊಂಡು ಹೋಗ್ತೀನಿ,” ಎಂದಳು ಪಂಕಜಾ, ಸೆರಗು ಸುತ್ತಿಕೊಂಡು ಮೆಟ್ಟಿಲು ಹತ್ತುತ್ತ. “ಅವನು ಕೊಟ್ಟಿದ್ದನ್ನ ಅಳಿಯ ಆಡೋದು ಕಣ್ಣಾರೆ ನೋಡ್ಲಿ. ಅವತ್ತಿನ ಐದು ರೂಪಾಯೀನೂ ಅವನೇ ಕೊಡ್ಲಿ.”